ವಿಧಾನಸಭೆ ಫಲಿತಾಂಶ ಓದುವುದು ಹೇಗೆ? ಸೀಟಿನ ಏರಿಳಿತದ ಲೆಕ್ಕ ನೀವೇ ಮಾಡಿ ನೋಡಿ

2018ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ ಬಂದ ಮತ ಶೇ 36.35. 2023ರಲ್ಲಿ ಶೇ 36. ಹೆಚ್ಚು ಕಡಿಮೆ ಅಷ್ಟೇ. ಆದರೆ ಸೀಟು 104ರಿಂದ 66ಕ್ಕೆ ಇಳಿಯಿತು. ಮತ ಹೋಗಲಿಲ್ಲ, 38 ಸೀಟು ಹೋಯಿತು. ಇದು ಹೇಗೆ ಸಾಧ್ಯ?

ಈ ಪ್ರಶ್ನೆಗೆ ಉತ್ತರ ಹುಡುಕಲು ಟಿವಿ ಮುಂದೆ ಕೂರಬೇಕಾಗಿಲ್ಲ. ಒಂದು ನೋಟ್‌ಬುಕ್ಕೋ ಎಕ್ಸೆಲ್ ಹಾಳೆಯೋ ಇದ್ದರೆ ಸಾಕು. ಅಂಕಿ ಅಂಶ ಎಲ್ಲವೂ ಸಾರ್ವಜನಿಕವಾಗಿಯೇ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಫಲಿತಾಂಶದ ದಿನ ಬರುವ ವಿಶ್ಲೇಷಣೆಗಳಲ್ಲಿ ಎಷ್ಟೋ ಮಾತು ಲೆಕ್ಕ ಹಾಕುವ ಮೊದಲೇ ಆಡಿದ ಮಾತು. ಮತ ಹಾಕಿದವರು ಲೆಕ್ಕವನ್ನೂ ತಾವೇ ಮಾಡಿ ನೋಡಬೇಕು ಎನ್ನುವುದು ನನ್ನ ಆಸೆ. ಅದಕ್ಕಾಗಿ ಈ ಲೇಖನ. ಉದಾಹರಣೆಗೆ 2023ರ ಕರ್ನಾಟಕ ಚುನಾವಣೆಯನ್ನೇ ಇಟ್ಟುಕೊಂಡಿದ್ದೇನೆ. ವಿಧಾನ ಬೇರೆ ರಾಜ್ಯಕ್ಕೂ ಇದೇ.

ಹೆಜ್ಜೆ 1: ಅಂತಿಮ ಅಂಕಿ ಮಾತ್ರ ಬರೆದುಕೊಳ್ಳಿ

2023ರ ಮೇ 10ರಂದು ಮತದಾನ ನಡೆಯಿತು, ಮೇ 13ರಂದು ಎಣಿಕೆ. ಅವತ್ತು ಸಂಜೆ ಎಲ್ಲ ಕಡೆ ಕಾಂಗ್ರೆಸ್‌ಗೆ 136 ಎಂದು ಓಡುತ್ತಿತ್ತು. ಬೆಂಗಳೂರಿನ ಜಯನಗರದಲ್ಲಿ ಮಾತ್ರ ಎಣಿಕೆ ಮುಗಿದಿರಲಿಲ್ಲ. ಮರು ಎಣಿಕೆಯಾಗಿ ತಡರಾತ್ರಿ ಫಲಿತಾಂಶ ಬಂದಾಗ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದಿದ್ದರು. ಹಾಗಾಗಿ 136 ಹೋಗಿ 135 ಆಯಿತು. ಇವತ್ತಿಗೂ ಕೆಲವು ಕಡೆ ಹಳೆಯ ಸಂಖ್ಯೆ ಕಾಣುತ್ತದೆ.

ಅದಕ್ಕೇ ಚುನಾವಣಾ ಆಯೋಗದ ಜಾಲತಾಣದಲ್ಲಿರುವ ಅಂತಿಮ ಪಟ್ಟಿಯನ್ನೇ ತೆಗೆದುಕೊಳ್ಳಿ. ಮುನ್ನಡೆ ಬೇರೆ, ಗೆಲುವು ಬೇರೆ. ಮತಗಟ್ಟೆ ಸಮೀಕ್ಷೆಯ ಸಂಖ್ಯೆಯನ್ನಂತೂ ಈ ಹಾಳೆಗೆ ಸೇರಿಸಲೇಬೇಡಿ.

ಈಗ ಎರಡು ಸಾಲು ಬರೆಯಿರಿ:

2018: ಬಿಜೆಪಿ 104, ಕಾಂಗ್ರೆಸ್ 80, ಜೆಡಿಎಸ್ 37, ಇತರರು 3.
2023: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4.

ಎರಡೂ ಸಾಲು ಕೂಡಿಸಿದರೆ 224 ಬರಬೇಕು. ವ್ಯತ್ಯಾಸ ಬರೆದರೆ ಕಾಂಗ್ರೆಸ್ 55 ಜಾಸ್ತಿ, ಬಿಜೆಪಿ 38 ಕಡಿಮೆ, ಜೆಡಿಎಸ್ 18 ಕಡಿಮೆ, ಇತರರು 1 ಜಾಸ್ತಿ. ಏರಿದ್ದು ಒಟ್ಟು 56, ಇಳಿದಿದ್ದೂ 56. ಇವೆರಡು ಸಮ ಆಗದಿದ್ದರೆ ಎಲ್ಲೋ ತಪ್ಪು ಬರೆದಿದ್ದೀರಿ ಎಂದರ್ಥ.

2018ರ ಸಾಲಿನಲ್ಲೂ ಒಂದು ಎಚ್ಚರಿಕೆ ಬೇಕು. ಆ ವರ್ಷ ಮೇ 12ರಂದು ಮತದಾನ ನಡೆದದ್ದು 222 ಕ್ಷೇತ್ರಗಳಲ್ಲಿ ಮಾತ್ರ. ಜಯನಗರ ಮತ್ತು ರಾಜರಾಜೇಶ್ವರಿನಗರದ ಚುನಾವಣೆ ಮುಂದಕ್ಕೆ ಹೋಗಿತ್ತು. ಅವೆರಡೂ ಆಮೇಲೆ ಕಾಂಗ್ರೆಸ್‌ಗೆ ಬಂದವು. ಒಂದು ಕಡೆ 78, ಇನ್ನೊಂದು ಕಡೆ 80 ಎಂದು ಕಂಡರೆ ಗಾಬರಿ ಬೇಡ. ಎರಡೂ ಸರಿ, ದಿನಾಂಕ ಬೇರೆ.

ಹೆಜ್ಜೆ 2: ಯಾವುದಕ್ಕೆ ಹೋಲಿಸುತ್ತಿದ್ದೀರಿ ಎಂದು ಮೊದಲೇ ತೀರ್ಮಾನಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. "ಬಿಜೆಪಿ 38 ಸೀಟು ಕಳೆದುಕೊಂಡಿತು" ಎನ್ನುವುದು 2018ರ ಚುನಾವಣೆಗೆ ಹೋಲಿಸಿದ ಮಾತು. ಆದರೆ 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಶಾಸಕರ ಸಾಲು ಸಾಲು ರಾಜೀನಾಮೆ ಬಂತು, 17 ಜನ ಅನರ್ಹರಾದರು, ಸರ್ಕಾರ ಬಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಅಲ್ಲಿಗೆ ಅದರ ಬಲ 117. ಆ ಲೆಕ್ಕದಲ್ಲಿ ನೋಡಿದರೆ 2023ರಲ್ಲಿ ಬಿಜೆಪಿ ಕಳೆದುಕೊಂಡದ್ದು 38 ಅಲ್ಲ, ಸುಮಾರು 50.

ಬೆಂಗಳೂರನ್ನೇ ನೋಡಿ. ನಗರದ 28 ಕ್ಷೇತ್ರಗಳಲ್ಲಿ ಬಿಜೆಪಿ 2018ರಲ್ಲಿ 11 ಗೆದ್ದಿತ್ತು, 2023ರಲ್ಲಿ 16. ರಾಜ್ಯದಲ್ಲೆಲ್ಲ ಸೋತರೂ ಬೆಂಗಳೂರಲ್ಲಿ 5 ಸೀಟು ಹೆಚ್ಚಿಸಿಕೊಂಡಿತು ಎಂದು ಹೇಳಬಹುದು, ತಪ್ಪಲ್ಲ. ಆದರೆ ಯಶವಂತಪುರ, ಕೆ.ಆರ್. ಪುರ, ರಾಜರಾಜೇಶ್ವರಿನಗರ, ಮಹಾಲಕ್ಷ್ಮಿ ಲೇಔಟ್ ಈ ನಾಲ್ಕೂ 2019–20ರ ಉಪಚುನಾವಣೆಯಲ್ಲೇ ಬಿಜೆಪಿ ಕೈಗೆ ಬಂದಿದ್ದವು. ಹಳೆಯ ಶಾಸಕರೇ ಪಕ್ಷ ಬದಲಿಸಿ ಗೆದ್ದಿದ್ದರು. ಅಂದರೆ 2023ರಲ್ಲಿ ನಿಜಕ್ಕೂ ಹೊಸದಾಗಿ ಹೆಚ್ಚಿದ್ದು ಕಳೆದದ್ದು ಕೂಡಿದ್ದು ಸೇರಿ ಒಂದೇ ಸೀಟು.

ಮಂಡ್ಯದ ಕೆ.ಆರ್. ಪೇಟೆಯದು ಇನ್ನೊಂದು ಬಗೆ. 2018ರಲ್ಲಿ ಜೆಡಿಎಸ್, 2019ರ ಉಪಚುನಾವಣೆಯಲ್ಲಿ ಬಿಜೆಪಿ, 2023ರಲ್ಲಿ ಮತ್ತೆ ಜೆಡಿಎಸ್. ಎರಡೇ ಸಾರ್ವತ್ರಿಕ ಚುನಾವಣೆ ನೋಡಿದವರಿಗೆ "ಜೆಡಿಎಸ್ ಉಳಿಸಿಕೊಂಡ ಕ್ಷೇತ್ರ". ನಡುವಿನದ್ದನ್ನೂ ನೋಡಿದವರಿಗೆ "ಜೆಡಿಎಸ್ ವಾಪಸ್ ಗೆದ್ದ ಕ್ಷೇತ್ರ".

ಹಾಗಾಗಿ ನಿಮ್ಮ ಹಾಳೆಯಲ್ಲಿ ಮೂರು ಕಾಲಂ ಇರಲಿ: ಹಿಂದಿನ ಸಾರ್ವತ್ರಿಕ ಚುನಾವಣೆ, ವಿಧಾನಸಭೆಯ ಅವಧಿ ಮುಗಿಯುವಾಗ ಇದ್ದ ಸ್ಥಿತಿ, ಈಗಿನ ಫಲಿತಾಂಶ. ಜನರ ಮನಸ್ಸು ಎತ್ತ ಹೊರಳಿತು ಎಂದು ತಿಳಿಯಲು ಮೊದಲನೆಯದು ಮತ್ತು ಮೂರನೆಯದು. ಆಳುವ ಪಕ್ಷ ಎಷ್ಟು ಪೆಟ್ಟು ತಿಂದಿತು ಎಂದು ತಿಳಿಯಲು ಎರಡನೆಯದು ಮತ್ತು ಮೂರನೆಯದು.

2008ಕ್ಕಿಂತ ಹಿಂದಕ್ಕೆ ಹೋಗುವುದಾದರೆ ಕ್ಷೇತ್ರವಾರು ಹೋಲಿಕೆ ಬಿಟ್ಟುಬಿಡಿ. 2008ರ ಚುನಾವಣೆಗೆ ಮೊದಲು ಕ್ಷೇತ್ರ ಮರುವಿಂಗಡಣೆ ಆಗಿ ಗಡಿಗಳು ಬದಲಾದವು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದದ್ದು ಎಲ್ಲರಿಗೂ ಗೊತ್ತು. ಈಗ ಆ ಹೆಸರಿನ ಕ್ಷೇತ್ರವೇ ಇಲ್ಲ.

ಹೆಜ್ಜೆ 3: ಸೀಟಿನ ಪಕ್ಕ ಮತದ ಪ್ರಮಾಣ ಬರೆಯಿರಿ

2018ರಲ್ಲಿ ಕಾಂಗ್ರೆಸ್‌ಗೆ ಶೇ 38.14, ಬಿಜೆಪಿಗೆ ಶೇ 36.35, ಜೆಡಿಎಸ್‌ಗೆ ಶೇ 18ಕ್ಕಿಂತ ಸ್ವಲ್ಪ ಜಾಸ್ತಿ. 2023ರಲ್ಲಿ ಕಾಂಗ್ರೆಸ್ ಶೇ 42.88, ಬಿಜೆಪಿ ಶೇ 36, ಜೆಡಿಎಸ್ ಶೇ 13.29.

2018ರ ಸಾಲನ್ನು ಇನ್ನೊಮ್ಮೆ ನೋಡಿ. ಮತ ಜಾಸ್ತಿ ಬಂದದ್ದು ಕಾಂಗ್ರೆಸ್‌ಗೆ, ಸೀಟು ಜಾಸ್ತಿ ಬಂದದ್ದು ಬಿಜೆಪಿಗೆ. ಅದೂ 24 ಸೀಟು ಜಾಸ್ತಿ. 2008ರಲ್ಲೂ ಹೀಗೇ ಆಗಿತ್ತು: ಕಾಂಗ್ರೆಸ್ ಶೇ 34.76 ಮತ ಪಡೆದು 80 ಗೆದ್ದರೆ, ಬಿಜೆಪಿ ಶೇ 33.86 ಮತಕ್ಕೆ 110 ಗೆದ್ದಿತು.

ಕಾರಣ ನಮ್ಮ ಚುನಾವಣಾ ಪದ್ಧತಿಯಲ್ಲೇ ಇದೆ. ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರಿಗೆ ಸೀಟು. ಎರಡನೇ ಸ್ಥಾನಕ್ಕೆ 70 ಸಾವಿರ ಮತ ಬಂದರೂ ಸೀಟಿನ ಲೆಕ್ಕದಲ್ಲಿ ಅದು ಸೊನ್ನೆ. ಕಾಂಗ್ರೆಸ್‌ಗೆ ರಾಜ್ಯದ ಬಹುತೇಕ ಎಲ್ಲ ಭಾಗಗಳಲ್ಲೂ ಒಂದಿಷ್ಟು ಮತ ಇದೆ. ಕರಾವಳಿಯಲ್ಲಿ ಬಿಜೆಪಿ ಎದುರು, ಹಳೇ ಮೈಸೂರಿನಲ್ಲಿ ಜೆಡಿಎಸ್ ಎದುರು ಎರಡನೇ ಸ್ಥಾನಕ್ಕೆ ಬಂದು ನಿಂತಾಗ ಆ ಮತಗಳೆಲ್ಲ ಶೇಕಡಾವಾರಿನಲ್ಲಿ ಸೇರುತ್ತವೆ, ಸೀಟು ತರುವುದಿಲ್ಲ. ಬಿಜೆಪಿಯ ಮತ ಕೆಲವು ಭಾಗಗಳಲ್ಲಿ ಒತ್ತಾಗಿತ್ತು. ಮಂಡ್ಯ, ರಾಮನಗರದಂಥ ಕಡೆ ತೀರಾ ಕಡಿಮೆ ಇತ್ತು. ಹಾಗಾಗಿ ಅದರ ಮತ ಪೋಲಾಗುವುದು ಕಡಿಮೆ.

ಹಾಗಾದರೆ 2023ರಲ್ಲಿ ಏನಾಯಿತು? ರಾಜ್ಯ ಮಟ್ಟದಲ್ಲಿ ಜೆಡಿಎಸ್ ಸುಮಾರು ಶೇ 5ರಷ್ಟು ಕಳೆದುಕೊಂಡಿತು, ಕಾಂಗ್ರೆಸ್ ಸುಮಾರು ಶೇ 4.7ರಷ್ಟು ಏರಿತು. ಇದನ್ನು ನೋಡಿ "ಜೆಡಿಎಸ್ ಮತ ಪೂರ್ತಿ ಕಾಂಗ್ರೆಸ್‌ಗೆ ಹೋಯಿತು" ಎಂದು ಬರೆದುಬಿಡುವ ಆಸೆ ಬರುತ್ತದೆ. ತಡೆಯಿರಿ. ಬಿಜೆಪಿಯ ಶೇ 36 ಎರಡೂ ವರ್ಷ ಒಂದೇ ಇದೆ ಎಂದರೆ ಅದೇ ಜನ ಅದೇ ಜಾಗದಲ್ಲಿ ಮತ ಹಾಕಿದರು ಎಂದಲ್ಲ. ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬಂದಿರಬಹುದು. ಆಗಿದ್ದೂ ಅದೇ. ಅದನ್ನು ನೋಡಲು ರಾಜ್ಯದ ಸರಾಸರಿ ಬಿಟ್ಟು ಕೆಳಗಿಳಿಯಬೇಕು.

ಅದಕ್ಕೂ ಮೊದಲು ಒಂದು ಮಾತು. ಪಕ್ಷ ಒಡೆದ ವರ್ಷಗಳಲ್ಲಿ ಈ ಹೋಲಿಕೆ ಕೈಕೊಡುತ್ತದೆ. 2013ರಲ್ಲಿ ಬಿಜೆಪಿಗೆ ಬಂದದ್ದು ಸುಮಾರು ಶೇ 20 ಮತ, 40 ಸೀಟು. ಆ ವರ್ಷ ಯಡಿಯೂರಪ್ಪನವರ ಕೆಜೆಪಿಗೆ ಸುಮಾರು ಶೇ 10, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್‌ಗೆ ಶೇ 3ರ ಹತ್ತಿರ ಹೋಗಿತ್ತು. ಮೂರನ್ನೂ ಕೂಡಿಸಿ ನೋಡಿದರೆ 2018ರ ಬಿಜೆಪಿಯ ಏರಿಕೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಹೆಜ್ಜೆ 4: ಪ್ರದೇಶಕ್ಕೆ, ಆಮೇಲೆ ಜಿಲ್ಲೆಗೆ ಇಳಿಯಿರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಧಾರವಾಡ, ಹಾವೇರಿ ಈ ಆರು ಜಿಲ್ಲೆಗಳಲ್ಲಿ (ಕಿತ್ತೂರು ಕರ್ನಾಟಕ) 50 ಕ್ಷೇತ್ರ. 2018ರಲ್ಲಿ ಬಿಜೆಪಿ 30, ಕಾಂಗ್ರೆಸ್ 17, ಜೆಡಿಎಸ್ 2, ಇತರ 1. 2023ರಲ್ಲಿ ಕಾಂಗ್ರೆಸ್ 33, ಬಿಜೆಪಿ 16, ಜೆಡಿಎಸ್ 1. ಬಿಜೆಪಿ ರಾಜ್ಯದಲ್ಲಿ ಕಳೆದುಕೊಂಡ 38ರಲ್ಲಿ 14 ಇಲ್ಲೇ. ಇಲ್ಲಿ ಜೆಡಿಎಸ್ ಮೊದಲೂ ದೊಡ್ಡ ಶಕ್ತಿಯಲ್ಲ. ಅಂದಮೇಲೆ ಇಲ್ಲಿನ ಬದಲಾವಣೆಗೆ ಜೆಡಿಎಸ್ ಕುಸಿತ ಕಾರಣ ಆಗಲಾರದು. ಇದು ಕಾಂಗ್ರೆಸ್ ಮತ್ತು ಬಿಜೆಪಿಯ ನೇರ ಪೈಪೋಟಿಯಲ್ಲಿ ಆದ ಬದಲಾವಣೆ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಸೇರಿ 19 ಕ್ಷೇತ್ರ. 2023ರಲ್ಲಿ ಬಿಜೆಪಿ 13, ಕಾಂಗ್ರೆಸ್ 6. ಉಡುಪಿಯ ಐದೂ ಬಿಜೆಪಿಗೆ, ಉತ್ತರ ಕನ್ನಡದ ಆರರಲ್ಲಿ ನಾಲ್ಕು ಕಾಂಗ್ರೆಸ್‌ಗೆ. "ಕರಾವಳಿ" ಎಂದು ಒಂದೇ ಮಾತಲ್ಲಿ ಹೇಳಿದರೆ ಕಾರವಾರಕ್ಕೂ ಕಾರ್ಕಳಕ್ಕೂ ಇರುವ ವ್ಯತ್ಯಾಸ ಮುಚ್ಚಿಹೋಗುತ್ತದೆ. ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳು 2013ರಲ್ಲಿ 7–1 ಕಾಂಗ್ರೆಸ್ ಕಡೆ, 2018ರಲ್ಲಿ 7–1 ಬಿಜೆಪಿ ಕಡೆ, 2023ರಲ್ಲಿ 6–2 ಬಿಜೆಪಿ ಕಡೆ. ಈ ಜಿಲ್ಲೆ ಯಾವತ್ತೂ ಒಂದೇ ಪಕ್ಷದ್ದು ಎಂದು ಯಾರಾದರೂ ಹೇಳಿದರೆ ಈ ಮೂರು ಅಂಕಿ ತೋರಿಸಿ.

ಪ್ರದೇಶದ ಗಡಿ ಒಬ್ಬೊಬ್ಬರಿಗೆ ಒಂದೊಂದು ಥರ ಎನ್ನುವುದು ನೆನಪಿರಲಿ. ಉತ್ತರ ಕನ್ನಡವನ್ನು ಕೆಲವರು ಕರಾವಳಿಗೆ ಹಾಕುತ್ತಾರೆ, ಕೆಲವರು ಬೆಳಗಾವಿ ವಿಭಾಗಕ್ಕೆ. ಕಿತ್ತೂರು ಕರ್ನಾಟಕ 50 ಸೀಟೋ 56 ಸೀಟೋ ಎನ್ನುವುದು ಅದರ ಮೇಲೆ ನಿಂತಿದೆ. ಹಳೇ ಮೈಸೂರಿನ ಗಡಿಯಂತೂ ಪತ್ರಿಕೆಗೊಂದು. ಎರಡು ಬೇರೆ ವಿಶ್ಲೇಷಣೆಯ ಪ್ರದೇಶವಾರು ಅಂಕಿಗಳನ್ನು ಪಕ್ಕಪಕ್ಕ ಇಡುವ ಮೊದಲು ಜಿಲ್ಲೆಗಳ ಪಟ್ಟಿ ಒಂದೇ ಇದೆಯಾ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಜಿಲ್ಲೆಯೇ ಒಳ್ಳೆಯ ಅಳತೆ. ಅದರಲ್ಲಿ ವಾದಕ್ಕೆ ಜಾಗವಿಲ್ಲ.

ಹೆಜ್ಜೆ 5: ಉಳಿಸಿಕೊಂಡದ್ದು, ಕಳೆದುಕೊಂಡದ್ದು, ಗಳಿಸಿದ್ದು

ಇದು ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಸ್ವಲ್ಪ ನಿಧಾನವಾಗಿ ಮಾಡಿ.

ಹಾಸನ ಜಿಲ್ಲೆ ತೆಗೆದುಕೊಳ್ಳಿ. 7 ಕ್ಷೇತ್ರ. 2018ರಲ್ಲಿ ಜೆಡಿಎಸ್ 6, ಬಿಜೆಪಿ 1. 2023ರಲ್ಲಿ ಜೆಡಿಎಸ್ 4, ಬಿಜೆಪಿ 2, ಕಾಂಗ್ರೆಸ್ 1. ಮೇಲ್ನೋಟಕ್ಕೆ ಜೆಡಿಎಸ್ ಎರಡು ಕಳೆದುಕೊಂಡಿತು, ಉಳಿದವರು ಒಂದೊಂದು ಹಂಚಿಕೊಂಡರು. ಈಗ ಕ್ಷೇತ್ರವಾರು ಬರೆಯಿರಿ:

ಬೇಲೂರು: ಜೆಡಿಎಸ್‌ನಿಂದ ಬಿಜೆಪಿಗೆ.
ಸಕಲೇಶಪುರ: ಜೆಡಿಎಸ್‌ನಿಂದ ಬಿಜೆಪಿಗೆ.
ಅರಸೀಕೆರೆ: ಜೆಡಿಎಸ್‌ನಿಂದ ಕಾಂಗ್ರೆಸ್‌ಗೆ.
ಹಾಸನ: ಬಿಜೆಪಿಯಿಂದ ಜೆಡಿಎಸ್‌ಗೆ.
ಹೊಳೆನರಸೀಪುರ, ಶ್ರವಣಬೆಳಗೊಳ, ಅರಕಲಗೂಡು: ಜೆಡಿಎಸ್‌ನಲ್ಲೇ ಉಳಿದವು.

ನೋಡಿ, ಏಳರಲ್ಲಿ ನಾಲ್ಕು ಕೈ ಬದಲಾಗಿವೆ. ಜೆಡಿಎಸ್ ಕಳೆದುಕೊಂಡದ್ದು ಮೂರು, ಗಳಿಸಿದ್ದು ಒಂದು. ಬಿಜೆಪಿ ತನ್ನ ಒಂದೇ ಸೀಟನ್ನು ಕಳೆದುಕೊಂಡು ಹೊಸದಾಗಿ ಎರಡು ಗಳಿಸಿತು. "ಒಂದರಿಂದ ಎರಡಕ್ಕೆ ಏರಿತು" ಎನ್ನುವ ವಾಕ್ಯದಲ್ಲಿ ಇದರ ಸುಳಿವೇ ಇಲ್ಲ. ಅರಸೀಕೆರೆಯಲ್ಲಿ ಇನ್ನೂ ಒಂದು ವಿಷಯ: ಎರಡೂ ಸಲ ಗೆದ್ದವರು ಕೆ.ಎಂ. ಶಿವಲಿಂಗೇಗೌಡರೇ. ಅವರು ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದ್ದರು. ಸೀಟು ಪಕ್ಷ ಬದಲಿಸಿತೋ, ಶಾಸಕರು ಪಕ್ಷ ಬದಲಿಸಿದರೋ? ಇಂಥ ಕ್ಷೇತ್ರದ ಪಕ್ಕ ಒಂದು ಗುರುತು ಹಾಕಿಡಿ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲೂ ಎಸ್.ಆರ್. ಶ್ರೀನಿವಾಸ್ ಇದೇ ರೀತಿ ಗೆದ್ದರು.

ಹಾಸನದ ಪಕ್ಕದ ಜಿಲ್ಲೆಗಳಲ್ಲಿ ಚಿತ್ರ ಬೇರೆ. ಮಂಡ್ಯದ ಏಳಕ್ಕೆ ಏಳೂ 2018ರಲ್ಲಿ ಜೆಡಿಎಸ್ ಗೆದ್ದಿತ್ತು. 2023ರಲ್ಲಿ ಕಾಂಗ್ರೆಸ್ ಐದು, ಜೆಡಿಎಸ್ ಒಂದು, ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ. ಅವರಿಗೆ ಕಾಂಗ್ರೆಸ್ ಬೆಂಬಲ ಇತ್ತು. ಚಿಕ್ಕಮಗಳೂರಿನಲ್ಲಿ ಬಿಜೆಪಿ 4, ಕಾಂಗ್ರೆಸ್ 1 ಇದ್ದದ್ದು ಐದಕ್ಕೆ ಐದೂ ಕಾಂಗ್ರೆಸ್ ಆಯಿತು. ಕೊಡಗಿನ ಎರಡೂ ಬಿಜೆಪಿಯಿಂದ ಕಾಂಗ್ರೆಸ್‌ಗೆ. ಅಕ್ಕಪಕ್ಕದ ಜಿಲ್ಲೆಗಳು, ಒಂದೇ ಚುನಾವಣೆ, ಬೇರೆ ಬೇರೆ ಪಕ್ಷ ಸೋತಿದೆ. "ರಾಜ್ಯದಲ್ಲಿ ಒಂದೇ ಅಲೆ" ಎನ್ನುವ ಮಾತನ್ನು ಇಲ್ಲಿಟ್ಟು ಪರೀಕ್ಷಿಸಿ.

ಮೊದಲ ಸಲ 224ನ್ನೂ ಮಾಡಲು ಹೋಗಬೇಡಿ, ಬೇಜಾರಾಗಿ ಬಿಟ್ಟುಬಿಡುತ್ತೀರಿ. ನಿಮ್ಮ ಜಿಲ್ಲೆ ಮತ್ತು ಪಕ್ಕದ ಎರಡು ಜಿಲ್ಲೆ ಸಾಕು.

ಹೆಜ್ಜೆ 6: ಅಂತರ ನೋಡಿ

ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ 1,22,392 ಮತಗಳಿಂದ ಗೆದ್ದರು. ಜಯನಗರದಲ್ಲಿ ಅಂತರ 16. ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ ಗೆದ್ದದ್ದು 105ರಿಂದ, ಕುಮಟಾದಲ್ಲಿ ದಿನಕರ ಶೆಟ್ಟಿ 676ರಿಂದ. ಸೀಟಿನ ಪಟ್ಟಿಯಲ್ಲಿ ಇವೆಲ್ಲ ಒಂದೊಂದೇ.

ಅಂತರವನ್ನು ನಾಲ್ಕು ಗುಂಪು ಮಾಡಿ: 1,000ಕ್ಕಿಂತ ಕಡಿಮೆ, 5,000ದವರೆಗೆ, 20,000ದವರೆಗೆ, ಅದಕ್ಕಿಂತ ಹೆಚ್ಚು. ಮೊದಲ ಗುಂಪಿನ ಸೀಟುಗಳ ಮೇಲೆ ಯಾವ ದೊಡ್ಡ ವಾದವನ್ನೂ ಕಟ್ಟಬೇಡಿ. ಅವು ಆ ಕಡೆಯೂ ಹೋಗಬಹುದಿತ್ತು, ಈ ಕಡೆಯೂ ಬರಬಹುದಿತ್ತು. ಕೊನೆಯ ಗುಂಪಿನ ಕ್ಷೇತ್ರ ಪಕ್ಷ ಬದಲಿಸಿದ್ದರೆ ಮಾತ್ರ ಅಲ್ಲಿ ಏನೋ ದೊಡ್ಡದು ನಡೆದಿದೆ.

ಹೆಜ್ಜೆ 7: ಮೂರನೆಯವರಿಗೆ ಎಷ್ಟು ಬಂತು?

ಗೆದ್ದವರು, ಸೋತವರು ಇಬ್ಬರನ್ನೇ ನೋಡಿದರೆ ಪುತ್ತೂರು ಅರ್ಥವೇ ಆಗುವುದಿಲ್ಲ. 2023ರಲ್ಲಿ ಅಲ್ಲಿ ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ ಸುಮಾರು 66 ಸಾವಿರ ಮತ ಪಡೆದು ಗೆದ್ದರು. ಎರಡನೇ ಸ್ಥಾನದಲ್ಲಿ ಬಿಜೆಪಿ ಅಲ್ಲ, ಬಂಡಾಯವಾಗಿ ನಿಂತ ಪಕ್ಷೇತರ ಅರುಣ್ ಕುಮಾರ್ ಪುತ್ತಿಲ. ಅವರಿಗೆ ಸುಮಾರು 62 ಸಾವಿರ. ಬಿಜೆಪಿಯ ಅಧಿಕೃತ ಅಭ್ಯರ್ಥಿಗೆ ಸುಮಾರು 37 ಸಾವಿರ. ಪುತ್ತೂರಿನಲ್ಲಿ ಕಾಂಗ್ರೆಸ್ ಗೆದ್ದದ್ದು ನಿಜ, ಆದರೆ ಅಲ್ಲಿನ ಮತದಾರರು ಬಿಜೆಪಿಯ ವಿಚಾರದಿಂದ ದೂರ ಸರಿದರು ಎಂದು ಈ ಅಂಕಿಗಳಿಂದ ಹೇಳಲು ಬರುವುದಿಲ್ಲ.

ಹಾಗೆಂದು ಇಬ್ಬರ ಮತವನ್ನೂ ಕೂಡಿಸಿ "ಒಂದಾಗಿದ್ದರೆ 33 ಸಾವಿರದಿಂದ ಗೆಲ್ಲುತ್ತಿದ್ದರು" ಎಂದು ಬರೆಯುವುದೂ ಸರಿಯಲ್ಲ. ಪಕ್ಷೇತರರಿಗೆ ಮತ ಹಾಕಿದ ಎಲ್ಲರೂ ಪಕ್ಷಕ್ಕೆ ಹಾಕುತ್ತಿದ್ದರು ಎಂಬ ಖಾತ್ರಿ ಯಾರಿಗಿದೆ? ಅಂತರಕ್ಕಿಂತ ಮೂರನೆಯವರ ಮತ ಹೆಚ್ಚಿದ್ದರೆ ಗುರುತು ಹಾಕಿ, ಅಷ್ಟಕ್ಕೆ ನಿಲ್ಲಿಸಿ. ನೋಟಾವನ್ನೂ ಒಮ್ಮೆ ನೋಡಿ. ಜಯನಗರದಂಥ ಕಡೆ ಅದು ಅಂತರವನ್ನು ಸುಲಭವಾಗಿ ದಾಟುತ್ತದೆ.

ಹೆಜ್ಜೆ 8: ನಿಮ್ಮ ಬೂತ್‌ಗೆ ಬನ್ನಿ

ಪ್ರತಿ ಕ್ಷೇತ್ರಕ್ಕೂ ಫಾರಂ 20 ಎಂಬ ಅಂತಿಮ ಫಲಿತಾಂಶ ಪಟ್ಟಿ ಇರುತ್ತದೆ. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಎಂದು ಅದರಲ್ಲಿ ಸಾಲು ಸಾಲಾಗಿ ಬರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ನಿಮ್ಮ ವೋಟರ್ ಸ್ಲಿಪ್‌ನಲ್ಲಿರುವ ಮತಗಟ್ಟೆ ಸಂಖ್ಯೆ ಹಿಡಿದು ಹುಡುಕಿ. ನಿಮ್ಮೂರಲ್ಲಿ ಯಾರಿಗೆ ಎಷ್ಟು ಬಂತು ಎಂದು ಮೊದಲ ಸಲ ಕಂಡಾಗ ಚುನಾವಣೆ ಎಷ್ಟು ಹತ್ತಿರದ್ದು ಎನಿಸುತ್ತದೆ, ಅಲ್ವಾ?

ಎರಡು ಎಚ್ಚರಿಕೆ. ಅಂಚೆ ಮತಗಳು ಬೂತ್‌ವಾರು ಬರುವುದಿಲ್ಲ, ಕೊನೆಯಲ್ಲಿ ಒಟ್ಟಾಗಿ ಸೇರುತ್ತವೆ. ಮತ್ತೆ, ಮತದಾರರು ಹೆಚ್ಚಾದಾಗ ಬೂತ್‌ಗಳನ್ನು ಒಡೆಯುತ್ತಾರೆ, ಸಂಖ್ಯೆ ಬದಲಾಗುತ್ತದೆ. 2018ರ 112 ಮತ್ತು 2023ರ 112 ಒಂದೇ ಬೂತ್ ಆಗಿರಲೇಬೇಕು ಎಂದೇನಿಲ್ಲ. ಸಂಖ್ಯೆ ಅಲ್ಲ, ಶಾಲೆಯ ಹೆಸರು ನೋಡಿ ಹೊಂದಿಸಿ.

ಇನ್ನೊಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಬೂತ್ ಅಂಕಿ ಕೈಗೆ ಬಂದ ಕೂಡಲೇ "ಆ ಕೇರಿಯವರು ಅವರಿಗೆ ಹಾಕಿದ್ದಾರೆ" ಎಂದು ಬೆರಳು ತೋರಿಸಬೇಡಿ. ಮತ ಗುಟ್ಟಾಗಿರುವುದು ಮತದಾರರ ರಕ್ಷಣೆಗೆ. ಅಂಕಿ ನಿಮ್ಮ ತಿಳುವಳಿಕೆಗಿರಲಿ, ಅಕ್ಕಪಕ್ಕದವರ ಮೇಲೆ ಹೊರಿಸುವುದಕ್ಕಲ್ಲ.

ಜಾತಿ, ಸಮುದಾಯದ ಲೆಕ್ಕಕ್ಕೂ ಇದೇ ಎಚ್ಚರ ಬೇಕು. 2023ರಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15 ಕ್ಷೇತ್ರಗಳಲ್ಲಿ ಬಿಜೆಪಿ ಒಂದನ್ನೂ ಗೆಲ್ಲಲಿಲ್ಲ. ಕಾಂಗ್ರೆಸ್ 14, ಜೆಡಿಎಸ್ 1. ಇದು ಗಟ್ಟಿ ಸಂಗತಿ. ಆದರೆ ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಆ ಸಮುದಾಯದವರು, ಮತ ಹಾಕುವವರು ಎಲ್ಲ ಸಮುದಾಯದವರು. ಪರಿಶಿಷ್ಟ ಪಂಗಡದ ಜನ ಹೇಗೆ ಮತ ಹಾಕಿದರು ಎಂಬುದಕ್ಕೆ ಈ ಅಂಕಿ ಉತ್ತರ ಅಲ್ಲ.

ಹೆಜ್ಜೆ 9: ಹಾಳೆಯನ್ನು ಮುಚ್ಚಬೇಡಿ

ಫಲಿತಾಂಶದ ನಂತರವೂ ಸೀಟು ಬದಲಾಗುತ್ತಲೇ ಇರುತ್ತದೆ. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರು ಉಪಚುನಾವಣೆ ನಡೆದು ಮೂರನ್ನೂ ಕಾಂಗ್ರೆಸ್ ಗೆದ್ದಿತು. ಸಂಡೂರು ಮೊದಲೇ ಅದರದ್ದು. ಚನ್ನಪಟ್ಟಣ ಜೆಡಿಎಸ್‌ನಿಂದ, ಶಿಗ್ಗಾಂವಿ ಬಿಜೆಪಿಯಿಂದ ಬಂತು. ಹಾಗಾಗಿ 135ಕ್ಕೆ 2 ಸೇರಿಸಿ, 19ರಿಂದ ಒಂದು, 66ರಿಂದ ಒಂದು ಕಳೆಯಿರಿ. ಸೋತವರು ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಅದರ ತೀರ್ಪಿನಿಂದಲೂ ಸೀಟು ಕೈ ಬದಲಾಗಬಹುದು.

ಪ್ರತಿ ಬದಲಾವಣೆಯ ಮುಂದೆ ದಿನಾಂಕ ಮತ್ತು ಕಾರಣ ಬರೆಯಿರಿ: ನಿಧನ, ರಾಜೀನಾಮೆ, ಸಂಸದರಾಗಿ ಆಯ್ಕೆ, ಅನರ್ಹತೆ, ಕೋರ್ಟ್ ತೀರ್ಪು. ಹೆಜ್ಜೆ 2ರಲ್ಲಿ ಹೇಳಿದ ನಡುವಿನ ಕಾಲಂ ಹೀಗೇ ತುಂಬುತ್ತಾ ಹೋಗುತ್ತದೆ. ಈ ವಿಧಾನಸಭೆಯ ಅವಧಿ 2028ರ ಮೇವರೆಗೆ ಇದೆ. ಆ ಹೊತ್ತಿಗೆ ಮರುವಿಂಗಡಣೆ ಆಗಿ ಗಡಿಗಳು ಬದಲಾದರೆ ಕ್ಷೇತ್ರದ ಹೆಸರು ನಂಬಿ ಹೋಲಿಸಲು ಆಗುವುದಿಲ್ಲ. ಅದಕ್ಕೇ ಈಗಲೇ ನಿಮ್ಮ ಕ್ಷೇತ್ರದ ಫಾರಂ 20 ಪಿಡಿಎಫ್ ಇಳಿಸಿಕೊಂಡು, ಯಾವ ಬೂತ್ ಯಾವ ಗ್ರಾಮ ಪಂಚಾಯಿತಿ ಅಥವಾ ವಾರ್ಡಿಗೆ ಸೇರಿದ್ದು ಎಂದು ಒಂದು ಕಾಲಂ ಸೇರಿಸಿಡಿ.